ಸಹಾಯ ಬೇಕು: ವಾಪಸ್ ಬಂದ ದುಡ್ಡನ್ನು ಗ್ನೂಕ್ಯಾಶ್‌ನಲ್ಲಿ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆ ಖರ್ಚಿನ ಲೆಕ್ಕವನ್ನು ಗ್ನೂಕ್ಯಾಶ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾರ್ಚ್ 22ಕ್ಕೆ ಮಗಳಿಗೆ ಆನ್‌ಲೈನ್‌ನಲ್ಲಿ ಶೂ ತರಿಸಿದೆ. ಕ್ರೆಡಿಟ್ ಕಾರ್ಡಿನಲ್ಲಿ 1,578 ರೂಪಾಯಿ, ಅದರಲ್ಲಿ 79 ಡೆಲಿವರಿ ಚಾರ್ಜ್. ಹಾಕಿ ನೋಡಿದರೆ ಹೆಬ್ಬೆರಳು ಒತ್ತುತ್ತಿತ್ತು. 28ಕ್ಕೆ ವಾಪಸ್ ಕಳಿಸಿದೆ. ಏಪ್ರಿಲ್ 6ಕ್ಕೆ ಕಾರ್ಡಿಗೆ 1,499 ಬಂತು.

ಮೊದಲು ಇದನ್ನು ಆದಾಯ ಅಂತ ಬರೆದೆ. ಆಮೇಲೆ ತಪ್ಪು ಅನ್ನಿಸಿತು. ನಮ್ಮದೇ ದುಡ್ಡು ವಾಪಸ್ ಬಂದರೆ ಅದು ಸಂಪಾದನೆ ಅಲ್ಲ, ಅಲ್ವಾ? ಈಗ 'ಬಟ್ಟೆ-ಚಪ್ಪಲಿ' ಖರ್ಚಿನ ಖಾತೆಯ ರಿಬೇಟ್ ಕಾಲಂನಲ್ಲಿ (ಖರ್ಚಿನಿಂದ ಕಳೆಯುವ ಮೊತ್ತ ಬರೆಯುವ ಜಾಗ) ಹಾಕಿದ್ದೇನೆ, ಎದುರಿಗೆ ಕಾರ್ಡಿನ ಖಾತೆ. ಸ್ಟೇಟ್‌ಮೆಂಟಿಗೆ ಸರಿಯಾಗಿ ತಾಳೆ ಆಗುತ್ತದೆ. ಆದರೆ ಏಪ್ರಿಲ್‌ನ ಬಟ್ಟೆ ಖರ್ಚು ಮೈನಸ್ 1,499 ತೋರಿಸುತ್ತಿದೆ. ಮಾರ್ಚ್ ಬಜೆಟ್ ಸುಮ್ನೆ ಮೀರಿದ ಹಾಗೆ ಕಾಣುತ್ತದೆ. ತಾರೀಖನ್ನೇ ಮಾರ್ಚ್‌ಗೆ ತಿದ್ದಿದರೆ ಕಾರ್ಡಿನ ಬಾಕಿ ಹೊಂದುವುದಿಲ್ಲ.

ನನಗೆ ತೋಚಿದ ದಾರಿ ಒಂದಿದೆ. 'ಬರಬೇಕಾದ ದುಡ್ಡು' ಅಂತ ಒಂದು ಆಸ್ತಿ ಖಾತೆ (ನಮಗೆ ಸೇರಿದ ದುಡ್ಡನ್ನು ತೋರಿಸುವ ಖಾತೆ) ತೆರೆಯುವುದು. 28ಕ್ಕೆ ಬಟ್ಟೆ ಖಾತೆಯಿಂದ ಅಲ್ಲಿಗೆ, 6ಕ್ಕೆ ಅಲ್ಲಿಂದ ಕಾರ್ಡಿಗೆ. ಇನ್ನೂ ಬಾರದ ರಿಫಂಡ್ ಕೂಡ ಕಣ್ಣೆದುರೇ ಇರುತ್ತದೆ, ಅದು ನನಗೆ ತುಂಬಾ ಇಷ್ಟವಾಯಿತು. ಕೆಲಸ ಸ್ವಲ್ಪ ಜಾಸ್ತಿ, ಅಷ್ಟೇ.

ಯಾರಾದರೂ ಹೀಗೆ ಮಾಡುತ್ತಿದ್ದೀರಾ? ವಾಪಸ್ ಬಾರದ ಆ 79 ಅನ್ನು ಬಟ್ಟೆಯಲ್ಲೇ ಬಿಡಲೇ, ಬೇರೆ ಖಾತೆಗೆ ಹಾಕಲೇ? ದುಡ್ಡು ಕಾರ್ಡಿನ ಬದಲು ಅಂಗಡಿಯ ವ್ಯಾಲೆಟ್‌ಗೆ ಬಂದರೆ ಹೇಗೆ ಬರೆಯುತ್ತೀರಿ?