ಕಿಟಕಿ ಬೆಳಕಿಲ್ಲದ ಹಾಲ್, 2 ಅಡಿ ಟ್ಯಾಂಕ್: ಯಾವ ಗಿಡ ಹಾಕಬಹುದು?

ಪ್ರಶ್ನೆ: ರಾಯಚೂರಲ್ಲಿ ಮನೆ. ಹಾಲ್‌ನಲ್ಲಿ ಬೆಳಕು ಅಷ್ಟಕ್ಕಷ್ಟೇ. 2 ಅಡಿ ಟ್ಯಾಂಕ್, ಬೋರ್ ನೀರು, ಗಪ್ಪಿ ಮೀನು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಏನೂ ಇಲ್ಲದೆ, ಸಾವಿರ ರೂಪಾಯಿ ಒಳಗೆ ಜೀವಂತ ಗಿಡ ಬೆಳೆಸಬಹುದಾ? ಅನುಭವ ಇದ್ದವರು ತಿಳಿಸಿ.

ಸಿಂಧನೂರಿನಿಂದ: ಆರಾಮಾಗಿ ಬೆಳೀತಾವ್ರಿ. ಅನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಈ ಮೂರೇ ಸಾಕು. ಬೋರ್ ನೀರು ಗಡಸು ಅಂತ ಹೆದರಬ್ಯಾಡ್ರಿ, ವ್ಯಾಲಿಸ್ನೇರಿಯಾಕ್ಕ ಅದೇ ಹಿತ. ನೀರಾಗಿನ ಬೈಕಾರ್ಬನೇಟ್‌ನಿಂದಲೂ ಇಂಗಾಲ ತಗೋತದ. ನೆಡುವಾಗ ಬುಡದ ಬಿಳಿ ಭಾಗ ಮರಳಿನ ಮ್ಯಾಲೆ ಕಾಣಬೇಕು. ಮರಳು 2 ಇಂಚು, ನಿಮ್ಮ ಟ್ಯಾಂಕಿಗೆ ಸುಮಾರು 14 ಕೆಜಿ. ನೀರು ತಿಳಿಯಾಗೋ ತನಕ ತೊಳೀರಿ.

ಅನುಬಿಯಾಸ್, ಫರ್ನ್ ಎರಡಕ್ಕೂ ಅಡ್ಡ ಹೋಗೋ ದಪ್ಪ ಗೆಡ್ಡಿ ಇರ್ತದ. ಅದನ್ನ ಮರಳಾಗ ಹೂತ್ರ ಕೊಳೀತದ. ಕಲ್ಲಿಗೆ ನೈಲಾನ್ ದಾರ ಸುತ್ತಿ ಕಟ್ರಿ. ಹತ್ತಿ ದಾರ ಆದ್ರ ಬೇರು ಹಿಡಿಯೋದ್ರೊಳಗ ಲಡ್ಡಾಗಿ ಹರೀತದ. ಗ್ರಾನೈಟ್ ತುಂಡು ಛಲೋ. ಶಹಾಬಾದ್ ಕಲ್ಲು ಬ್ಯಾಡ, ಅದು ಸುಣ್ಣದ ಕಲ್ಲು, ಗಡಸುತನ ಇನ್ನೂ ಏರ್ತದ.

ಬಳ್ಳಾರಿಯಿಂದ: ಬೆಳಕಿಗೆ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕು) 9 ವ್ಯಾಟ್ ಎಲ್‌ಇಡಿ ಬಲ್ಬ್ ಒಂದು ಸಾಕು, ದಿನಕ್ಕೆ 6–7 ಗಂಟೆ. ಬೆಳಕು ಕಡಿಮೆ ಅಂತ 12 ಗಂಟೆ ಉರಿಸಿದರೆ ಮೊದಲು ಬೆಳೆಯುವುದು ಪಾಚಿ. ಅನುಬಿಯಾಸ್ ಎಲೆ ಬಿಡುವುದೇ ನಿಧಾನ, ಹಾಗಾಗಿ ಅದರ ಹಳೆ ಎಲೆ ಮೇಲೆಯೇ ಪಾಚಿ ಕೂರುತ್ತದೆ. ತಿರುಗುವ ಡಯಲ್ ಇರುವ ಟೈಮರ್ ಕರೆಂಟ್ ಹೋದಾಗ ನಿಲ್ಲುತ್ತದೆ, ಸರಿ ಮಾಡದಿದ್ದರೆ ದೀಪ ನಡುರಾತ್ರಿ ಹತ್ತುತ್ತದೆ.

ಇನ್ನೊಂದು ಮಾತು. ಅಂಗಡಿಯವರು ನೀರೊಳಗೆ ಇಟ್ಟು ಮಾರುವ ಲಕ್ಕಿ ಬ್ಯಾಂಬೂ, ಡ್ರಸೀನಾ ನೀರಿನ ಗಿಡಗಳೇ ಅಲ್ಲ. ಪೂರ್ತಿ ಮುಳುಗಿದರೆ ಕ್ರಮೇಣ ಕೊಳೆಯುತ್ತವೆ. ಅದರ ಬದಲು ಮನಿ ಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಿಗೆ ಇಳಿಬಿಡಿ, ಎಲೆ ಹೊರಗಿರಲಿ. ಮೀನಿನ ಹಿಕ್ಕೆಯಿಂದ ನೀರಲ್ಲಿ ಸೇರುವ ನೈಟ್ರೇಟನ್ನು ಖರ್ಚಿಲ್ಲದೆ ಹೀರುತ್ತದೆ.

ಗಂಗಾವತಿಯಿಂದ: ಕಾಲುವೆಯಿಂದ ಹೈಡ್ರಿಲ್ಲಾ ತರೋ ಯೋಚನೆ ಇದ್ರ, ಗದ್ದೆಯ ಬಸಿಗಾಲುವೆ ಕಡೆ ಹೋಗಬ್ಯಾಡ್ರಿ ಸರ, ಭತ್ತಕ್ಕ ಹೊಡೆದ ಔಷಧ ಅಲ್ಲಿಗೇ ಇಳೀತದ. ಯಾವ ನೀರಿಂದ ತಂದ್ರೂ ಬಕೆಟ್‌ನಾಗ ಎರಡು ವಾರ ಬ್ಯಾರೆ ಇಡ್ರಿ. ಏರೋಪ್ಲೇನ್ ಚಿಟ್ಟೆ ಮರಿ ಒಂದು ಒಳಗ ಬಂದ್ರ ಗಪ್ಪಿ ಮರಿ ಉಳಿಯಂಗಿಲ್ಲ. ಪರ್ಮಾಂಗನೇಟ್ ನೀರಾಗ ಅದ್ದಿದ್ರೂ ಬಸವನಹುಳದ ತತ್ತಿ ಎಲ್ಲಾ ಸಾಯಂಗಿಲ್ಲ. ನಿಜ ಹೇಳಬೇಕಂದ್ರ ಕಡಿಮೆ ಬೆಳಕಿಗೆ ಹೈಡ್ರಿಲ್ಲಾ ಉದ್ದುದ್ದ ಹೋಗಿ ಕೆಳಗಿನ ಎಲಿ ಉದುರಿಸ್ತದ. ಹಾರ್ನ್‌ವರ್ಟ್ ಅನ್ನೋ ಬೇರಿಲ್ಲದ ನೀರಿನ ಗಿಡ ಮ್ಯಾಲೆ ತೇಲಿಬಿಟ್ರ ದೀಪಕ್ಕ ಹತ್ರ ಇರ್ತದ, ಅದೇ ವಾಸಿ.

ಗೊಬ್ಬರ ಅಂತ ಯೂರಿಯಾ, ಡಿಎಪಿ ಹಾಕೋರು ಅದಾರ. ಹಾಕಲೇಬ್ಯಾಡ್ರಿ. ಅಮೋನಿಯಾ ಏರಿ ಮೀನು ಸಾಯ್ತಾವ, ಕ್ಷಾರದ ಬೋರ್ ನೀರಾಗ, ಬಿಸಿಲುಗಾಲದಾಗ ಇನ್ನೂ ಬೇಗ. ಗಪ್ಪಿಗಳ ಹಿಕ್ಕೆನೇ ಈ ಗಿಡಗಳಿಗೆ ಸಾಕು.

ಪ್ರಶ್ನೆ ಕೇಳಿದವರು: ತುಂಬಾ ಉಪಯೋಗ ಆಯ್ತು. ಕ್ರಿಪ್ಟೊಕೋರಿನ್ ಅನ್ನೋ ನೀರಿನ ಗಿಡ ಸಿಗ್ತಿದೆ, ತರಲಾ? ಬೇಸಿಗೆಗೆ ಏನು ಮಾಡೋದು?

ಬಳ್ಳಾರಿಯಿಂದ: ತನ್ನಿ. ನೆಟ್ಟ ಒಂದೆರಡು ವಾರದಲ್ಲಿ ಎಲೆಯೆಲ್ಲ ಕರಗಿ ಹೋಗಬಹುದು. ಸತ್ತಿತು ಅಂತ ಕಿತ್ತೆಸೆಯಬೇಡಿ. ಕೊಳೆತ ಎಲೆ ಮಾತ್ರ ತೆಗೆಯಿರಿ, ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ. ಜಾಗ ಬದಲಿಸಿದರೆ ಮತ್ತೆ ಅದೇ ಕಥೆ.

ಏಪ್ರಿಲ್–ಮೇನಲ್ಲಿ ಮುಚ್ಚಳ ತೆಗೆದು ಚಿಕ್ಕ ಫ್ಯಾನ್ ಗಾಳಿ ನೀರಿನ ಮೇಲೆ ಹಾಯಿಸಿ. ನಮ್ಮ ಕಡೆಯದು ಒಣ ಗಾಳಿ, 2ರಿಂದ 4 ಡಿಗ್ರಿ ಇಳಿಯುತ್ತದೆ. ಏರ್ ಪಂಪ್ ನಿಲ್ಲಿಸಬೇಡಿ, ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುವುದರಿಂದ, ಇಳಿದಷ್ಟನ್ನು ಬೋರ್ ನೀರಿಂದ ತುಂಬುತ್ತ ಹೋದರೆ ಗಡಸುತನ ವಾರವಾರ ಏರುತ್ತದೆ. ತುಂಬಲು ಆರ್‌ಓ ಫಿಲ್ಟರಿನ ಕುಡಿಯುವ ನೀರು ಬಳಸಿ, ಪಕ್ಕದ ಪೈಪಿಂದ ಹೊರಹೋಗುವ ವೇಸ್ಟ್ ನೀರಲ್ಲ.