ಬೆನ್ನಿಲ್ಲದ ಪುಸ್ತಕದ ಕಪಾಟು: ವಾಲುತ್ತದೆಯೋ, ಓಲುತ್ತದೆಯೋ?

ಗೆಳೆಯರೇ,

ನನಗೊಂದು ಪದ ಬೇಕಾಗಿದೆ. ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಆರಡಿ ಎತ್ತರ, ಮೂರಡಿ ಅಗಲದ ಪುಸ್ತಕದ ಕಪಾಟು ಇದೆ. ಎರಡು ಪಕ್ಕದ ಹಲಗೆ, ನಡುವೆ ಐದು ಅಡ್ಡ ಹಲಗೆ, ಅಷ್ಟೇ. ಮುಂದೆ ಬಾಗಿಲಿಲ್ಲ, ಹಿಂದೆಯೂ ಏನಿಲ್ಲ. ಪುಸ್ತಕ ತುಂಬಿದ ಮೇಲೆ ಒಂದನ್ನು ಎಳೆದರೆ ಸಾಕು, ಇಡೀ ಕಪಾಟು ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಬಡಗಿಗೆ ಫೋನ್ ಮಾಡಿ "ಕಪಾಟು ಅಲ್ಲಾಡುತ್ತೆ ಅಣ್ಣಾ" ಅಂದೆ. ಅವರು ಬಂದು ಕಾಲಿನ ಅಡಿಗೆ ಬೆಣೆ ಕೊಟ್ಟರು. ರಸಮಟ್ಟ ಇಟ್ಟು ನೋಡಿದರು, ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಸಂಜೆ ನೋಡಿದರೆ ಮತ್ತೆ ಅದೇ ಆಟ.

ಮರುದಿನ ಅವರು ಮೇಲಿನ ಮೂಲೆ ಹಿಡಿದು ಪಕ್ಕಕ್ಕೆ ಮೆಲ್ಲಗೆ ತಳ್ಳಿದರು. "ಇದು ಕಾಲಿನ ತೊಂದರೆ ಅಲ್ಲಮ್ಮ, ಮೂಲೆಮಟ್ಟ ತಪ್ತಾ ಇದೆ. ನೀವು ಅಲ್ಲಾಡುತ್ತೆ ಅಂದ್ರಿ, ಅದಕ್ಕೇ ಬೆಣೆ ಕೊಟ್ಟೆ" ಅಂದರು. ಮೂಲೆಮಟ್ಟ ಅಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಅಂತ ಬಡಗಿಗಳು ನೋಡುವ ಉಪಕರಣ. ಅವರದು ಏನೂ ತಪ್ಪಿಲ್ಲ. ನಾನು ಹೇಳಿದ ಪದ ಸಾಲಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ನಾವು ಸುಮ್ನೆ "ಅಲ್ಲಾಡುತ್ತೆ" ಅನ್ನುವುದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿವೆ. ಮೂರಕ್ಕೂ ಮದ್ದು ಬೇರೆ.

ಮೊದಲನೆಯದಕ್ಕೆ ಒಳ್ಳೆಯ ಪದ ಇದ್ದೇ ಇದೆ: ಕುಂಟುವುದು. ನೆಲ ಸಮ ಇಲ್ಲದೆ ಒಂದು ಕಾಲು ಎದ್ದಿದ್ದರೆ ಮೇಜು ಕುಂಟುತ್ತದೆ, ಕುರ್ಚಿ ಕುಂಟುತ್ತದೆ. ಅದಕ್ಕೆ ರಟ್ಟನ್ನೋ ಮರದ ಚಕ್ಕೆಯನ್ನೋ ಒತ್ತು ಕೊಟ್ಟರೆ ಮುಗಿಯಿತು. ಈ "ಒತ್ತು ಕೊಡು" ನನಗೆ ಬಹಳ ಇಷ್ಟ. ಪತ್ರಿಕೆಗಳಲ್ಲಿ ಶಿಕ್ಷಣಕ್ಕೆ ಒತ್ತು, ರಸ್ತೆಗೆ ಒತ್ತು ಅಂತ ಓದಿ ಓದಿ, ಅದು ಆಸರೆ ಕೊಡುವ ಮಾತು ಅನ್ನುವುದೇ ಮರೆತುಹೋಗುತ್ತಿದೆ.

ಎರಡನೆಯದೇ ನನ್ನ ಪ್ರಶ್ನೆ. ಕಾಲು ನಾಲ್ಕೂ ನೆಲಕ್ಕೆ ಕೂತಿವೆ. ಆದರೂ ಮೇಲ್ಭಾಗ ಪಕ್ಕಕ್ಕೆ ಸರಿಯುತ್ತದೆ, ಚೌಕ ಓರೆಯಾಗುತ್ತದೆ. ಬೆಂಕಿಪೆಟ್ಟಿಗೆಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಕಡ್ಡಿ ಇರುವ ಒಳಗಿನ ಭಾಗ ತೆಗೆದು, ಹೊರಗಿನ ಕವಚವನ್ನು ಪಕ್ಕದಿಂದ ಒತ್ತಿ ನೋಡಿ. ತಕ್ಷಣ ಓರೆಯಾಗಿ ಚಪ್ಪಟೆಯಾಗುತ್ತದೆ. ಒಳಭಾಗ ಹಾಕಿ ಒತ್ತಿದರೆ ಜಗ್ಗುವುದಿಲ್ಲ. ನಾಲ್ಕು ಮೂಲೆಯ ಚೌಕಟ್ಟು ತನ್ನಷ್ಟಕ್ಕೆ ಬಿಗಿಯಾಗಿ ನಿಲ್ಲಲಾರದು, ಮೂರು ಮೂಲೆಯದು ನಿಲ್ಲುತ್ತದೆ. ತೋಟದ ಗೇಟಿಗೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದಿರುತ್ತಾರೆ ಅಲ್ವಾ, ಅದೂ ಇದಕ್ಕೇ. ಕಪಾಟಿನ ಹಿಂದೆ ಹೊಡೆಯುವ ತೆಳು ಪ್ಲೈವುಡ್ ಕೂಡ ಇದೇ ಕೆಲಸ ಮಾಡುತ್ತದೆ. ದೂಳು ತಡೆಯೋಕೆ ಅಂತ ನಾನು ಅಂದುಕೊಂಡಿದ್ದೆ.

ಇದಕ್ಕೆ "ವಾಲು" ಅನ್ನಬಹುದೇ? ನನಗೆ ಒಪ್ಪಿಗೆಯಾಗುತ್ತಿಲ್ಲ. ಪೀಸಾದ ವಾಲು ಗೋಪುರ ಅನ್ನುತ್ತೇವೆ. ಅಲ್ಲಿ ಅಡಿಯ ಮೆತ್ತನೆ ಮಣ್ಣು ಒಂದು ಬದಿಗೆ ಕುಸಿದು, ಗೋಪುರ ಬುಡಸಮೇತ ಓರೆಯಾಗಿದೆ. ವಾಲಿದ್ದು ವಾಲಿಯೇ ಇರುತ್ತದೆ. ನನ್ನ ಕಪಾಟಿನ ಬುಡ ನೆಟ್ಟಗಿದೆ, ಮೇಲಿನದು ಅತ್ತಿತ್ತ ಹೋಗಿ ಬರುತ್ತದೆ. "ಸೊಟ್ಟಗಾಗು" ಅಂದರೆ ಹಲಗೆಯೇ ಬಾಗಿದ ಹಾಗೆ ಕೇಳಿಸುತ್ತದೆ. ಬಡಗಿ ಹೇಳಿದ "ಮೂಲೆಮಟ್ಟ ತಪ್ಪು" ಖಚಿತವಾಗಿದೆ, ಆದರೆ ಮೂಲೆಮಟ್ಟ ಅನ್ನುವ ಉಪಕರಣ ನೋಡದವರಿಗೆ ಅರ್ಥವಾಗದು. ನನಗೆ ಸದ್ಯಕ್ಕೆ ಹತ್ತಿರ ಅನ್ನಿಸಿದ್ದು "ಓಲು", "ಓಲಾಡು". ಕಾಲು ಊರಿಕೊಂಡೇ ಮೈ ಅತ್ತಿತ್ತ ಹೋಗುವ ಚಿತ್ರ ಅದರಲ್ಲಿದೆ.

ಮೂರನೆಯದು ಅಪಾಯದ್ದು: ಮುಂದಕ್ಕೆ ಬೀಳುವುದು. ಒಂದು ಮೀಟರ್ ಉದ್ದದ ಪುಸ್ತಕಸಾಲು 20ರಿಂದ 30 ಕಿಲೋ ತೂಗುತ್ತದೆ. ನಮ್ಮಂಥ ಕಪಾಟು ತುಂಬಿದರೆ 100 ಕಿಲೋ ದಾಟುತ್ತದೆ, ಆಳ ಮಾತ್ರ ಒಂದಡಿ. ಮಗು ಅದನ್ನು ಏಣಿ ಅಂದುಕೊಂಡು ಹತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆಗಳು ಮಕ್ಕಳ ಮೇಲೆ ಬಿದ್ದು ಸಾವುಗಳಾದ ಮೇಲೆ 2022ರ ಕೊನೆಗೆ ಅದಕ್ಕೆಂದೇ ಕಾನೂನು ಬಂತು. ಅಲ್ಲಿ ಈ ಅಪಘಾತಕ್ಕೆ "ಟಿಪ್ ಓವರ್" ಅಂತ ಹೆಸರೇ ನಿಂತಿದೆ. ನಮ್ಮಲ್ಲಿ? "ಮಗುಚು" ಅಂದರೆ ದೋಸೆ, ದೋಣಿ ನೆನಪಾಗುತ್ತದೆ. "ಉರುಳು" ಅಂದರೆ ಉರುಳಿಕೊಂಡು ಹೋದ ಹಾಗೆ. ನಾನು "ಬೋರಲು ಬೀಳು" ಅನ್ನುವುದನ್ನು ಆರಿಸಿದ್ದೇನೆ, ಮುಖ ಅಡಿಯಾಗಿ ಬೀಳುವುದು ಅಂತ ಎಲ್ಲರಿಗೂ ತಿಳಿಯುತ್ತದೆ. ಮಗು ಮೊದಲ ಸಲ ಬೋರಲು ಬಿದ್ದಾಗ ಸಂಭ್ರಮಪಡುವ ಮನೆಗಳಲ್ಲಿ ಈ ಮಾತು ಮನಸ್ಸಿಗೆ ನಾಟುತ್ತದೆ ಅನ್ನುವುದೂ ಒಂದು ಕಾರಣ.

ಇಷ್ಟೆಲ್ಲ ಯಾಕೆಂದರೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ "ಪೀಠೋಪಕರಣಗಳನ್ನು ಗೋಡೆಗೆ ಲಂಗರು ಹಾಕಿ ಸ್ಥಿರಗೊಳಿಸಿ" ಅಂತ ಬರೆದಿದ್ದೆ. ಅತ್ತೆ ಓದಿ "ಹಡಗಾ ಇದು?" ಅಂದರು. ಹರಿದು ಹಾಕಿದೆ. ಈಗ "ಕಪಾಟನ್ನು ಗೋಡೆಗೆ ಬಿಗಿಯಿರಿ" ಅಂತಿದೆ. ಹೇಗೆ ಅನ್ನುವುದನ್ನೂ ಬರೆದಿದ್ದೇನೆ: ಮೇಲಿನ ಹಲಗೆಯ ಕೆಳಗೆ ಎರಡು ಕಡೆ ಎಲ್ ಪಟ್ಟಿ, ಗೋಡೆಗೆ ತೂತು, ಅದರೊಳಗೆ ಗಿಟ್ಟಿ, ಆಮೇಲೆ ತಿರುಪು. ಸ್ವಿಚ್ ಬೋರ್ಡಿನ ನೇರ ಮೇಲೆ ತೂತು ಹಾಕಬೇಡಿ, ಒಳಗೆ ವೈರ್ ಇಳಿದಿರುತ್ತದೆ. ಭಾರದ ಪುಸ್ತಕ ಕೆಳಗಿನ ಹಲಗೆಗೆ ಇಡಿ. ಹಿಂದೆ ಖಾಲಿಯಾಗಿಯೇ ಇರಲಿ ಅನ್ನುವವರು ಕೆಳಗಿನ ಎರಡು ಅಂಕಣಕ್ಕಾದರೂ ಪ್ಲೈ ಹೊಡೆಸಿ, ಇಲ್ಲವೇ ಮೂಲೆಯಿಂದ ಮೂಲೆಗೆ ಎರಡು ಕತ್ತರಿ ಪಟ್ಟಿ ಹಾಕಿಸಿ.

ಗಿಟ್ಟಿ ಅಂದರೆ ಹಿಂದೆ ಗೋಡೆಯೊಳಗೆ ಹೊಡೆಯುತ್ತಿದ್ದ ಮರದ ತುಂಡು. ಈಗ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಅಂಗಡಿಯಲ್ಲಿ ರಾಲ್ ಪ್ಲಗ್ ಅನ್ನುತ್ತಾರೆ. ಆ ಪದದೊಳಗೆ ಒಬ್ಬ ಮನುಷ್ಯನ ಹೆಸರಿದೆ. ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ 1910ರ ದಶಕದ ಮೊದಲ ವರ್ಷಗಳಲ್ಲಿ, ಬ್ರಿಟಿಷ್ ಮ್ಯೂಸಿಯಂನ ಗೋಡೆ ಹಾಳಾಗದಂತೆ ವಿದ್ಯುತ್ ಸಾಮಾನು ಕೂರಿಸಲು ಇದನ್ನು ಮಾಡಿದರು. ಆಗ ಅದು ಸೆಣಬಿನ ನಾರಿನದು. ಸೂಚನೆಯಲ್ಲಿ ನಾನು ಗಿಟ್ಟಿ ಅಂತಲೇ ಬರೆದಿದ್ದೇನೆ, ಬಡಗಿಗೂ ಗೊತ್ತು.

"ಕಪಾಟು" ಕೂಡ ಯೋಚನೆಗೆ ಹಚ್ಚಿತು. ಸಂಸ್ಕೃತದ ಕಪಾಟ ಅಂದರೆ ಬಾಗಿಲು, ಕದ. ಬಾಗಿಲೇ ಇಲ್ಲದ ಸಾಮಾನಿಗೆ ನಾವು ಆ ಹೆಸರು ಹೇಳುತ್ತಿದ್ದೇವೆ! ಅಲಮಾರು ಪೋರ್ಚುಗೀಸರಿಂದ ಬಂದದ್ದು. ಹಳೆ ಮನೆಗಳಲ್ಲಿ ಇದ್ದದ್ದು ಗೂಡು, ನಾಗಂದಿಗೆ. ಗೂಡು ಗೋಡೆಯ ಒಳಗೇ ಇತ್ತು, ನಾಗಂದಿಗೆಯ ಹಲಗೆ ಗೋಡೆಗೇ ಕಚ್ಚಿಕೊಂಡಿತ್ತು. ಎರಡೂ ಓಲುವಂತಿರಲಿಲ್ಲ, ಬೋರಲು ಬೀಳುವಂತಿರಲಿಲ್ಲ. ಪದ ಹುಡುಕಬೇಕಾಗಿ ಬಂದದ್ದು ನಾವು ಹಲಗೆಯನ್ನು ಗೋಡೆಯಿಂದ ಬಿಡಿಸಿ ನಡುಮನೆಯಲ್ಲಿ ನಿಲ್ಲಿಸಿದ ಮೇಲೆ ಅನ್ನಿಸುತ್ತದೆ.

"ಹಿಂಬದಿ ತೆರೆದ" ಅನ್ನುವುದಕ್ಕಿಂತ "ಬೆನ್ನಿಲ್ಲದ" ಅನ್ನುವುದು ನನಗೆ ಹಿಡಿಸಿತು, ಹಿಂದಿನ ಪ್ಲೈಗೆ "ಬೆನ್ನುಹಲಗೆ". ಕಷ್ಟಕಾಲದಲ್ಲಿ ಬೆನ್ನಿಗೆ ನಿಂತರು ಅನ್ನುತ್ತೇವಲ್ಲ, ಅದೇ ಬೆನ್ನು.

ಈಗ ಕೇಳಬೇಕಾದದ್ದು ಇಷ್ಟು. ಚೌಕಟ್ಟು ಹೀಗೆ ಪಕ್ಕಕ್ಕೆ ಓರೆಯಾಗುವುದಕ್ಕೆ ನಿಮ್ಮ ಕಡೆಯ ಬಡಗಿಗಳು, ಗಾಡಿ ಮಾಡುವವರು, ಚಪ್ಪರ ಹಾಕುವವರು ಏನನ್ನುತ್ತಾರೆ? ಚಪ್ಪರಕ್ಕೂ ಇದೇ ತೊಂದರೆ ಬರುತ್ತದೆ, ಹಾಗಾಗಿ ಅವರಲ್ಲಿ ಪದ ಇರಲೇಬೇಕು. ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ. "ಬೋರಲು" ಕರಾವಳಿಯ ಮನೆಗಳಲ್ಲಿ ತಿಳಿಯುತ್ತದೆಯೇ, ಇಲ್ಲ "ಕವುಚಿ ಬೀಳು" ಅಂತ ಬರೆಯಲೇ? ಭಾನುವಾರ ಬೆಳಿಗ್ಗೆ ಸೂಚನೆಯನ್ನು ಲಿಫ್ಟಿನ ಪಕ್ಕ ಅಂಟಿಸಬೇಕು.