ಸಹಾಯ ಬೇಕು: ಡಿಜಿಟಲ್ ಪಿಯಾನೋದಲ್ಲಿ ಪೆಡಲ್ ರೆಸೋನೆನ್ಸ್ ಎಷ್ಟಿಡಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ಡಿಜಿಟಲ್ ಪಿಯಾನೋದಲ್ಲಿ ಬಲಗಡೆಯ ಪೆಡಲ್ ಒತ್ತಿ ಕೆಳಗಿನ ಸ್ವರಗಳನ್ನು ನುಡಿಸಿದರೆ ಹಿಂದೆ ಗುಂಯ್ ಅನ್ನೋ ಸದ್ದು ಉಳಿದುಬಿಡುತ್ತದೆ. ಹೆಡ್‌ಫೋನ್‌ನಲ್ಲಿ ಇನ್ನೂ ಜಾಸ್ತಿ, ಖಾಲಿ ಪಾತ್ರೆ ತಟ್ಟಿದ ಹಾಗೆ. ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂಥ ಮಾರ್ದನಿ) ಪೂರ್ತಿ ತೆಗೆದು ನೋಡಿದೆ, ಹೋಗಲಿಲ್ಲ. ಡ್ಯಾಂಪರ್ ರೆಸೋನೆನ್ಸ್ (ಅಂದರೆ ಪೆಡಲ್ ರೆಸೋನೆನ್ಸ್, ಪೆಡಲ್ ಒತ್ತಿದಾಗ ಬೇರೆ ತಂತಿಗಳೂ ಮಿಡಿಯುವ ನಾದವನ್ನು ಅನುಕರಿಸುವ ಸೆಟ್ಟಿಂಗ್) 5ರಲ್ಲಿತ್ತು, 2ಕ್ಕೆ ಇಳಿಸಿದೆ. ಗುಂಯ್ ಕಡಿಮೆಯಾಯಿತು, ಆದರೆ ನಾದವೇ ಒಣಗಿದ ಹಾಗಾಯಿತು.

ನಿಜವಾದ ಪಿಯಾನೋದಲ್ಲಿ ಪೆಡಲ್ ಒತ್ತಿದರೆ ತಂತಿಯ ಸದ್ದು ತಡೆಯುವ ಡ್ಯಾಂಪರ್‌ಗಳೆಲ್ಲ ತಂತಿ ಬಿಟ್ಟು ಮೇಲೇಳುತ್ತವೆ, ನುಡಿಸದ ತಂತಿಗಳೂ ಜೊತೆಗೆ ಮಿಡಿಯುತ್ತವೆ ಅಲ್ವಾ? ಆ ತುಂಬು ನಾದ ನನಗೆ ಬೇಕೇ ಬೇಕು. ಸ್ಟ್ರಿಂಗ್ ರೆಸೋನೆನ್ಸ್ (ಒತ್ತಿ ಹಿಡಿದ ಕೀಗಳ ತಂತಿಗಳು ಜೊತೆಗೆ ಮಿಡಿಯುವ ನಾದ) ಅಂತ ಬೇರೆಯೇ ಸೆಟ್ಟಿಂಗ್ ಇದೆ, ಅದನ್ನಿನ್ನೂ ಮುಟ್ಟಿಲ್ಲ. ಮೊದಲು ಯಾವುದನ್ನು ಇಳಿಸಬೇಕು? ಪೆಡಲನ್ನು ಅರ್ಧ ಮಾತ್ರ ಒತ್ತಿ ನುಡಿಸುವವರು ಎಷ್ಟರಲ್ಲಿ ಇಟ್ಟುಕೊಂಡಿದ್ದೀರಿ? ದಯವಿಟ್ಟು ತಿಳಿಸಿ.